ಕೈ ತುಂಬಿದ್ದರೆ ಪಾಸ್

ಮೆಟ್ರೋ ರೈಲಿನ ಬಾಗಿಲು ತೆರೆಯಿತು, ಆ ವಾಸನೆ ಒಳಗೆ ಬಂತು. ಶ್ರೀಗಂಧದ ಸಾಬೂನಿನ ವಾಸನೆ. ನಾಗಸಂದ್ರದಲ್ಲಿರುವ ಮೊಮ್ಮಗಳ ಮನೆಗೆ ಹೊರಟಿದ್ದೆವು. ಮಧ್ಯಾಹ್ನವಾದ್ದರಿಂದ ಜನ ಹೆಚ್ಚಿರಲಿಲ್ಲ. ನನ್ನ ಪಕ್ಕದಲ್ಲಿ ಬೇಕಾದಷ್ಟು ಜಾಗವಿದ್ದರೂ ನನ್ನ ಗಂಡ ಎದುರು ಬೆಂಚಿನಲ್ಲೇ ಕೂತಿದ್ದರು. ಎಲ್ಲಿ ಹೋದರೂ ಇವರು ನನ್ನ ಎದುರಿಗೆ ಕೂರುವುದೇ ಅಭ್ಯಾಸ. ಬಾಗಿಲು ಮುಚ್ಚುವ ಮೊದಲೇ ಮೂಗೆತ್ತಿ, "ಪಾರ್ಟ್ನರ್, ಬಂತಾ?" ಎಂದರು. ಪಕ್ಕದಲ್ಲಿ ಕೂತಿದ್ದ ಹುಡುಗಿ ಕಿವಿಯಿಂದ ವೈರು ತೆಗೆದು ನಮ್ಮಿಬ್ಬರ ಮುಖವನ್ನೂ ನೋಡಿದಳು. ಬಂತು ಎಂದು ತಲೆಯಾಡಿಸಿದೆ. ಮುಂದಿನ ಸ್ಟೇಷನ್ ಯಶವಂತಪುರ ಎಂದು ರೈಲು ತಾನೇ ಹೇಳಿತು. ನನಗೆ ಅದು ಹೇಳಬೇಕಾಗಿರಲಿಲ್ಲ.

ಅರವತ್ತರ ದಶಕ ಆಗಿನ್ನೂ ಶುರುವಾಗಿತ್ತು. ಮದುವೆಯಾಗಿ ಯಶವಂತಪುರಕ್ಕೆ ಬಂದಾಗ ನನಗೆ ಹತ್ತೊಂಬತ್ತು. ತವರು ಹುಣಸಮಾರನಹಳ್ಳಿ. ಯಲಹಂಕದವರೆಗೆ ನಡೆದು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ, ಲೆಕ್ಕದಲ್ಲಿ ಇಡೀ ಶಾಲೆಗೆ ಮೊದಲು ಬಂದಿದ್ದೆ. ಕಾಲೇಜಿಗೆ ಕಳಿಸಿ ಎಂದು ಅಪ್ಪನನ್ನು ಕಾಡಿ ಕಾಡಿ ಸುಸ್ತಾದ ಮೇಲೆ ಅಪ್ಪ ವರ ನೋಡಿದ್ದರು. ವರನ ಹೆಸರು ಗಂಗಾಧರ. ಬಾಯಲ್ಲಿ ಹೇಳುವುದಿಲ್ಲ, ಬರೆದರೆ ದೋಷವಿಲ್ಲ ಎಂದುಕೊಂಡಿದ್ದೇನೆ. ಇವರ ಊರು ಸಿಂಗಾಪುರ. ಆಗ ಅದು ರಾಗಿ ಹೊಲಗಳ ನಡುವಿನ ಹಳ್ಳಿ. ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಇವರು ಡ್ರಾಫ್ಟ್ಸ್‌ಮನ್ ಆಗಿದ್ದರು, ಯಂತ್ರದ ಭಾಗಗಳ ನಕ್ಷೆ ಬರೆಯುವ ಕೆಲಸ.

ಬಾಡಿಗೆ ಮನೆ ರೈಲ್ವೆ ಗೇಟಿಗೆ ಅಂಟಿಕೊಂಡಂತಿತ್ತು. ಗೂಡ್ಸ್ ಗಾಡಿ ಹಾದುಹೋದರೆ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಗಾಳಿ ತಿರುಗಿದರೆ ಹತ್ತಿರದ ಕಾರ್ಖಾನೆಯ ಸಾಬೂನಿನ ವಾಸನೆ, ಇಲ್ಲದಿದ್ದರೆ ಕಲ್ಲಿದ್ದಲ ಹೊಗೆ. ಇವರು ಸೈಕಲ್ ಹತ್ತಿ ಹೋದ ಮೇಲೆ ಎರಡು ಕೋಣೆ ಗುಡಿಸಿ, ಒರೆಸಿ, ಅಡಿಗೆ ಮಾಡಿ ನೋಡಿದರೆ ಇನ್ನೂ ಹತ್ತು ಗಂಟೆ. ಆ ಮಳೆಗಾಲ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲಿಗೆ ಹೋಗುವುದು, ಹಿತ್ತಲಿಗೆ ಬರುವುದು, ಮತ್ತೆ ಬಾಗಿಲಿಗೆ ಹೋಗುವುದು. ಎದುರಿಗೆ ರೈಲುಗಳು ಎಲ್ಲೆಲ್ಲಿಗೋ ಹೋಗುತ್ತಿದ್ದವು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಇವರದೂ ಅದೇ ಕಥೆ. ಊಟಕ್ಕೆ ಕೂತರೆ ತೊಡೆ ಕುಣಿಯುತ್ತಿತ್ತು. ಮಾತಿನ ನಡುವೆ ಎದ್ದು ಹೋಗಿ ಗೋಡೆಯ ಮೇಲೆ ಬೆರಳಲ್ಲಿ ಏನೋ ಬರೆದು ಬರುತ್ತಿದ್ದರು. ನನ್ನ ಮೇಲೆ ಮನಸ್ಸಿಲ್ಲ ಎಂದು ಎರಡು ತಿಂಗಳು ಒಳಗೇ ಕುದಿದೆ. ಗೌರಿ ಹಬ್ಬದ ಮರುದಿನ ಕೇಳಿಯೇಬಿಟ್ಟೆ.

"ಏನ್ರೀ ಯೋಚ್ನೆ ಮಾಡ್ತಿರ್ತೀರಾ ಯಾವಾಗ್ಲೂ?"

ಇವರು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನೋಡಿ, "ಇಸ್ಪೀಟು" ಎಂದರು.

ನನಗೆ ನಗು ಬಂತು. ಜೊತೆಗೆ ಸಮಾಧಾನವೂ ಆಯಿತು.

ಆಡುತ್ತಿದ್ದದ್ದು ಬ್ರಿಜ್. ಕಾರ್ಖಾನೆಯ ಊಟದ ಬಿಡುವಿನಲ್ಲಿ ಕಲಿತಿದ್ದರಂತೆ. ಗೊತ್ತಿಲ್ಲದವರಿಗೆ ನಾಲ್ಕು ಮಾತು: ಮೇಜಿನ ಸುತ್ತ ನಾಲ್ವರು, ಎದುರುಬದುರು ಕೂತವರು ಒಂದು ಜೋಡಿ. ತಲೆಗೆ ಹದಿಮೂರು ಎಲೆ. ಆಟ ಶುರುವಾಗುವ ಮೊದಲು ಹರಾಜಿನ ಹಾಗೆ ಸರದಿಯಲ್ಲಿ ಕೂಗಬೇಕು. ಕೂಗುವುದಕ್ಕೆ ಇರುವ ಮಾತುಗಳು ಕೆಲವೇ: ಒಂದು ಕಳಾವರ್, ಎರಡು ಆಟೀನು, ಹೀಗೆ ಒಂದು ಅಂಕಿ ಮತ್ತು ಒಂದು ಜಾತಿ, ಇಲ್ಲದಿದ್ದರೆ "ಪಾಸ್". ಎದುರಿಗಿರುವ ಪಾರ್ಟ್ನರಿನ ಎಲೆ ನಮಗೆ ಕಾಣುವುದಿಲ್ಲ. ಅಷ್ಟೇ ಮಾತುಗಳಲ್ಲಿ ನನ್ನ ಕೈಯಲ್ಲಿ ಇಂಥದ್ದಿದೆ, ನಿನ್ನ ಕೈಯಲ್ಲಿ ಏನಿದೆ ಎಂದು ಪರಸ್ಪರ ತಿಳಿಸಿ, ಕೊನೆಯ ಕೂಗಿನ ಅಂಕಿಗೆ ಆರು ಸೇರಿಸಿದಷ್ಟು ಸುತ್ತು ಗೆಲ್ಲಬೇಕು. ಆ ಕೂಗಿನ ಜಾತಿಯೇ ತುರುಫು. ಯಾವ ಕೂಗಿಗೆ ಯಾವ ಅರ್ಥ ಎನ್ನುವುದನ್ನು ಆ ಜೋಡಿಯೇ ಮೊದಲು ಮಾತಾಡಿಕೊಳ್ಳಬಹುದು. ಆದರೆ ಅದು ಗುಟ್ಟಲ್ಲ. ಎದುರಾಳಿ ಕೇಳಿದರೆ ಅರ್ಥವನ್ನು ಬಿಡಿಸಿ ಹೇಳಲೇಬೇಕು.

ಎಲ್ಲರೂ ಪುಸ್ತಕದಲ್ಲಿರುವ ಅರ್ಥಗಳನ್ನೇ ಇಟ್ಟುಕೊಂಡು ನೆಮ್ಮದಿಯಾಗಿದ್ದರು. ಇವರಿಗೆ ಮಾತ್ರ ಅದು ಸಾಲದು. ವಾರಕ್ಕೊಂದು ಹೊಸ ಪದ್ಧತಿ ಕಟ್ಟುವುದು, ಮುಂದಿನ ವಾರ ಅದನ್ನು ಕೆಡವುವುದು. ಕಾರ್ಖಾನೆಯಲ್ಲಿ ಮೂವರು ಪಾರ್ಟ್ನರುಗಳು ಕೈಮುಗಿದು ಓಡಿಹೋಗಿದ್ದರು. ಕೊನೆಯವನು ಲೇತ್ ವಿಭಾಗದವನು. "ಗುರು, ನಿನ್ ಜೊತೆ ಆಡೋದಕ್ಕಿಂತ ಓವರ್‌ಟೈಮ್ ಮಾಡೋದು ವಾಸಿ" ಎಂದು ಹೇಳಿ ಹೋದನಂತೆ.

"ನಂಗೆ ಕಲಿಸಿ" ಎಂದೆ.

ಇಸ್ಪೀಟೆಲೆ ನನಗೆ ಹೊಸದಲ್ಲ. ಶಿವರಾತ್ರಿ ಜಾಗರಣೆಯಲ್ಲಿ ಜಗಲಿಯ ಮೇಲೆ ದೊಡ್ಡಪ್ಪ ಚಿಕ್ಕಪ್ಪಂದಿರು ಆಡುವಾಗ ಕಂಬದ ಹಿಂದೆ ನಿಂತು, ಬಿದ್ದ ಎಲೆ ಯಾವುದು, ಬೀಳದ ಎಲೆ ಯಾರ ಹತ್ತಿರ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಹೆಣ್ಣುಮಕ್ಕಳ ಕೈಗೆ ಎಲೆ ಕೊಡುತ್ತಿರಲಿಲ್ಲ ಅಷ್ಟೆ. ಎಕ್ಕಕ್ಕೆ ನಾಲ್ಕು ಪಾಯಿಂಟು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು, ಇಡೀ ಕಟ್ಟಿಗೆ ನಲವತ್ತು ಎಂದು ಇವರು ಹೇಳಿದ ದಿನ ನನ್ನ ಕಾಲು ಮೊದಲ ಸಲ ಒಂದು ಕಡೆ ನಿಂತಿತು. ಚಾಪೆಯ ಮೇಲೆ ಎದುರುಬದುರು ಕೂತು ನಾಲ್ಕು ಕೈ ಹಂಚಿ, ಎರಡನ್ನು ಮುಚ್ಚಿಟ್ಟು, ನಾವಿಬ್ಬರೇ ಕೂಗುತ್ತಿದ್ದೆವು. ಆಗಲೇ ಇವರು ನನ್ನನ್ನು ಪಾರ್ಟ್ನರ್ ಎಂದು ಕರೆಯಲು ಶುರುಮಾಡಿದ್ದು. ನಾನೂ ಹಾಗೆಯೇ ಕರೆದೆ. "ರೀ" ಎನ್ನುವುದರಲ್ಲಿ ಇಲ್ಲದ್ದೇನೋ ಅದರಲ್ಲಿತ್ತು.

ಮೊದಲ ದೊಡ್ಡ ಪದ್ಧತಿಗೆ ಹೆಬ್ಬಾಳ ಪದ್ಧತಿ ಎಂದು ಹೆಸರಿಟ್ಟೆವು, ಹೆಬ್ಬಾಳದ ಕೆರೆ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಹೋಗುವಾಗ ಹೊಳೆದದ್ದಕ್ಕೆ. ಅದರಲ್ಲಿ "ಒಂದು ಕಳಾವರ್" ಎಂದರೆ ಭಾರಿ ಕೈ ಎಂದರ್ಥ. ಆಮೇಲೆ ಆ ಭಾರಿ ಕೈಯವರು ಕಡಿಮೆ ಕೂಗು ಕೂಗುತ್ತಾ ಬರೀ ಪ್ರಶ್ನೆ ಕೇಳುತ್ತಾ ಹೋಗುವುದು, ಎದುರಿನವರು ಮೆಟ್ಟಿಲು ಮೆಟ್ಟಿಲಾಗಿ ಉತ್ತರ ಹೇಳುತ್ತಾ ಹೋಗುವುದು. ಐದಾರು ಕೂಗಿನಲ್ಲಿ ನನ್ನ ಹದಿಮೂರು ಎಲೆಯೂ ಇವರಿಗೆ ಗೊತ್ತಾಗಿಬಿಡುತ್ತಿತ್ತು. ಇವರ ಕೈ ನನಗೆ ಒಂದಿಷ್ಟೂ ಗೊತ್ತಾಗುತ್ತಿರಲಿಲ್ಲ.

ದಸರೆಯ ಹೊತ್ತಿಗೆ ನನಗೆ ರೇಗಿತು. "ಇದೇನು ಪದ್ಧತಿ? ಕೇಳೋರು ಯಾವಾಗ್ಲೂ ನೀವು, ಹೇಳೋಳು ಯಾವಾಗ್ಲೂ ನಾನು. ಮನೇಲಿರೋದೂ ಇದೇ ತಾನೆ?"

"ಎಲೆ ಬಿದ್ದ ಹಾಗೆ ಕಣೇ. ನಿಂಗೆ ಭಾರಿ ಕೈ ಬಿದ್ರೆ ನೀನೇ ಕೇಳ್ತೀಯ."

"ಬಿದ್ದಾಗಲೂ ನೀವು ಮಧ್ಯೆ ಬಾಯಿ ಹಾಕ್ತೀರ."

ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಗೇಟಿನವರೆಗೆ ಹೋಗಿ, ವಾಪಸ್ ಬಂದು, ಮತ್ತೆ ಹೋದರು. ಒಳಗೆ ನಾನೂ ಅಡಿಗೆಮನೆಗೂ ಹಿತ್ತಲಿಗೂ ತಿರುಗುತ್ತಿದ್ದೆ. ಕೊನೆಗೆ ಬಾಗಿಲಲ್ಲಿ ಎದುರಾದೆವು. "ಸರಿ, ಕೆಡವೋಣ" ಎಂದರು. ಹೆಬ್ಬಾಳ ಪದ್ಧತಿ ಅವತ್ತಿಗೆ ಮುಗಿಯಿತು. ಹಾಗೆಂದು ನಾವಂದುಕೊಂಡೆವು.

ಮುಂದಿನದು ಹುಟ್ಟಿದ್ದು ಸಂತೆಯಲ್ಲಿ, ಹುಟ್ಟಿಸಿದ್ದು ನಾನು. ಕಾರ್ತಿಕದ ಒಂದು ದಿನ ಯಶವಂತಪುರದ ಸಂತೆಗೆ ಹೋಗಿದ್ದೆವು. ಚಿಕ್ಕವಳಾಗಿದ್ದಾಗ ಅಪ್ಪ ಎತ್ತಿನ ವ್ಯಾಪಾರಕ್ಕೆ ಸಂತೆಗೆ ಹೋದರೆ ನಾನೂ ಹೋಗುತ್ತಿದ್ದೆ. ದಲ್ಲಾಳಿಗಳು ಬಾಯಲ್ಲಿ ದರ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಒಂದು ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಹಿಚುಕಿ ವ್ಯವಹಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಅವತ್ತು ಸಂತೆಯಲ್ಲಿ ಒಬ್ಬಾತ ಕುಂಬಳಕಾಯಿಗೆ ಗಂಟಲು ಹರಿಯುವಂತೆ ಚೌಕಾಶಿ ಮಾಡುತ್ತಿದ್ದ. ಇವರು ನಿಂತು ನೋಡುತ್ತಿದ್ದರು.

"ಅವನು ತಗೊಳಲ್ಲ, ಬನ್ನಿ" ಎಂದೆ.

"ಹೇಗೆ ಹೇಳ್ತೀಯ?"

"ತಗೊಳೋನು ಸುಮ್ನಿರ್ತಾನೆ. ಏನೂ ಇಲ್ದೋನೇ ಕೂಗಾಡೋದು."

ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿದರೆ ಇವರು ಇನ್ನೂ ಅಲ್ಲೇ, ಜನರ ಮಧ್ಯೆ, ಎರಡು ಕೈಯಲ್ಲೂ ಚೀಲ ಹಿಡಿದು ನಿಂತಿದ್ದರು. ಕಣ್ಣು ಬೇರೆಲ್ಲೋ ಇತ್ತು. "ಪಾರ್ಟ್ನರ್, ಅದನ್ನೇ ಮಾಡೋಣ" ಎಂದರು.

ಜಗತ್ತಿನಲ್ಲೆಲ್ಲ ಬ್ರಿಜ್ ಆಡುವವರು ಕೈಯಲ್ಲಿ ಬಲವಿದ್ದರೆ ಕೂಗುತ್ತಾರೆ, ಇಲ್ಲದಿದ್ದರೆ ಪಾಸ್ ಎನ್ನುತ್ತಾರೆ. ನಾವು ಅದನ್ನು ತಲೆಕೆಳಗು ಮಾಡಿದೆವು. ಕೈ ತುಂಬಿದ್ದರೆ ಪಾಸ್. ಕೈಯಲ್ಲಿ ಏಳು ಪಾಯಿಂಟೂ ಇಲ್ಲದಿದ್ದರೆ "ಒಂದು ಕಳಾವರ್". ಅದಕ್ಕೆ ಬರಿಗೈಯ ಕೂಗು ಎಂದು ಹೆಸರು. ಬರಿಗೈಯವರು ಮೊದಲೇ ಕೂಗಿ ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದು, ಬಲವಿದ್ದವರು ಸುಮ್ಮನೆ ಕಾಯುವುದು. ಇನ್ನೊಂದು ಮಾತು: ಇವರು ಪಾಸ್ ಎಂದರೆ ನಾನು ಸುಮ್ಮನಿರುವಂತಿಲ್ಲ. ನಾಲ್ವರೂ ಪಾಸ್ ಎಂದುಬಿಟ್ಟರೆ ಆ ಕೈ ಆಡದೆಯೇ ಬಿದ್ದುಹೋಗುತ್ತದೆ. ಸುಮ್ಮನಿದ್ದವರ ಪರವಾಗಿ ಅವರ ಪಾರ್ಟ್ನರು ಬಾಯಿ ತೆರೆಯಲೇಬೇಕು. ಆ ನಿಯಮ ನನ್ನದು.

ಅವರೆಕಾಯಿ ಕಾಲ ಬಂತು. ಸಿಂಗಾಪುರದಿಂದ ಅತ್ತೆ ಮೂಟೆ ಹೊರಿಸಿಕೊಂಡು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಇದೇನವ್ವಾ ಇಂಗೆ? ಗಂಡ ಎಂಡ್ತಿ ಆಡಗಲೇ ಇಸ್ಪೀಟ್ ಇಡ್ಕಂಡು ಕುಂತಿದೀರ? ಓಗೋರು ಬರೋರು ಏನಂದಾರು?"

ಇವರು ನಕ್ಕು, ಅವರನ್ನು ಹಿಡಿದು ಚಾಪೆಯ ಒಂದು ಪಕ್ಕಕ್ಕೆ ಕೂರಿಸಿದರು. "ಅವ್ವಾ, ನಿನ್ನ ಸರದಿ ಬಂದಾಗ ಪಾಸು ಅಂದ್ರೆ ಸಾಕು." ಅತ್ತೆ ಅವರೆಕಾಯಿ ಬಿಡಿಸುತ್ತಾ ಎರಡು ದಿನ ಪಾಸು ಎಂದರು. ಮೂರನೆಯ ದಿನ ಬೇಸರವಾಗಿ, "ನಾನೂ ಒಂದು ಕಳಾವರು ಅನ್ಲಾ? ನಂತಾವೂ ಏನೂ ಇಲ್ಲ" ಎಂದರು. ಮನೆಯೆಲ್ಲ ಸೊಗಡಿನ ವಾಸನೆ, ಎಲೆಗಳಿಗೂ ಅದೇ ವಾಸನೆ. ಅಷ್ಟು ನಕ್ಕ ಚಳಿಗಾಲ ಇನ್ನೊಂದಿಲ್ಲ. ಆದರೂ ಒಳಗೆ ಒಂದು ಚಡಪಡಿಕೆ ಇದ್ದೇ ಇತ್ತು. ಇಷ್ಟು ಕಷ್ಟಪಟ್ಟು ಕಟ್ಟಿದ ಭಾಷೆಯನ್ನು ಯಾರ ಎದುರು ಆಡುವುದು? ಅತ್ತೆಯ ಎದುರು, ಅವರೆಕಾಯಿಯ ಎದುರು. ಇವರು ಬೇಕಾದರೆ ಕ್ಲಬ್ಬಿಗೆ ಹೋಗಬಹುದಿತ್ತು. ನಾನು?

ಕ್ಲಬ್ಬು ಎಂದರೆ ರೈಲ್ವೆ ಸ್ಟೇಷನ್ನಿನ ಹಿಂದಿದ್ದ ಹೆಂಚಿನ ಕಟ್ಟಡ. ಅದರ ಕಾರ್ಯದರ್ಶಿ ಶೇಷಗಿರಿರಾಯರು, ನಿವೃತ್ತ ಸ್ಟೇಷನ್ ಮಾಸ್ಟರು, ಬಿಳಿ ಪೇಟದವರು. ಸಂಕ್ರಾಂತಿಯ ನಂತರದ ಭಾನುವಾರ ಅಲ್ಲಿ ಬ್ರಿಜ್ ಪಂದ್ಯ. ಇವರು ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದರು.

"ಇಲ್ಲಿ ಹೆಂಗಸರು ಆಡಿದ್ದಿಲ್ಲ" ಎಂದರು ರಾಯರು. ನನ್ನನ್ನು ನೋಡಿ ದನಿ ತಗ್ಗಿಸಿ, "ತಪ್ಪು ತಿಳೀಬೇಡಿಮ್ಮಾ. ಹೆಂಗಸರು ಅನ್ನೋದೂ ಅಲ್ಲ, ಗಂಡ ಹೆಂಡತಿ ಒಂದು ಜೋಡಿ ಆಗೋದು ಸರಿಯಲ್ಲ. ಅವರು ಕತ್ತು ತುರಿಸಿಕೊಂಡ್ರೆ ನಿಮಗೆ ಅರ್ಥ ಆಗತ್ತೆ, ನೀವು ಬಳೆ ಸರಿಸಿದ್ರೆ ಅವರಿಗೆ ಅರ್ಥ ಆಗತ್ತೆ. ಎದುರಾಳಿಗಳು ಏನ್ ಮಾಡ್ಬೇಕು ಹೇಳಿ?"

ಟವೆಲಿನ ಕೆಳಗಿನ ವ್ಯಾಪಾರ ಎನ್ನುತ್ತಿದ್ದಾರೆ ಎಂದು ನನಗೆ ತಕ್ಷಣ ಹೊಳೆಯಿತು. ಮೈ ಉರಿಯಿತು. "ಬಳೆ ತೆಗೆದಿಟ್ಟು ಬರ್ತೀನಿ ಸಾರ್" ಎಂದೆ. "ನಮ್ಮ ಪದ್ಧತಿ ಪೂರ್ತಿ ಬರೆದು ಟೇಬಲ್ ಮೇಲೆ ಇಡ್ತೀವಿ. ಅದರಲ್ಲಿ ಇಲ್ಲದ್ದು ಏನಾದ್ರೂ ಕಂಡ್ರೆ ಕಳಿಸಿಬಿಡಿ."

ರಾಯರು ಬಹಳ ಹೊತ್ತು ಪೇಟ ಸರಿಮಾಡಿಕೊಂಡರು. "ಒಂದು ಸಲ ನೋಡೋಣ. ಆದ್ರೆ ಒಬ್ಬರಾದ್ರೂ ಕಣ್ಣಸನ್ನೆ ಅಂದ್ರೆ ಅಲ್ಲಿಗೆ ಮುಗೀತು. ನಿಮಗೆ ಮಾತ್ರ ಅಲ್ಲ, ಇನ್ನು ಯಾವ ಹೆಣ್ಣುಮಗಳಿಗೂ ಈ ಬಾಗಿಲು ಇಲ್ಲ. ಸರಿ ಹೋದ್ರೆ ಕುರ್ಚಿ ನಿಮ್ಮದು, ದಿನಾ ಬನ್ನಿ."

ಗೆದ್ದವರಿಗೆ ಕೊಡುವ ಕಪ್ಪಿನ ಆಸೆ ನನಗಿರಲಿಲ್ಲ. ಆ ಕುರ್ಚಿ ಬೇಕಿತ್ತು. ಬೆತ್ತದ, ಬೆನ್ನು ಸ್ವಲ್ಪ ಹರಿದಿದ್ದ ಕುರ್ಚಿ. ಕಂಬದ ಹಿಂದೆ ನಿಂತು ನೋಡಿದ್ದೆಲ್ಲ ಸಾಕಾಗಿತ್ತು.

ಪಂದ್ಯದ ಹಿಂದಿನ ವಾರ ಇವರು ಪದ್ಧತಿಯನ್ನು ಐದು ಸಲ ತಿದ್ದಹೊರಟರು, ಐದು ಸಲವೂ ನಾನು ಬಿಡಲಿಲ್ಲ. ಡ್ರಾಯಿಂಗ್ ಶೀಟಿನ ಮೇಲೆ ಇಂಡಿಯನ್ ಇಂಕಿನಲ್ಲಿ, ಯಂತ್ರದ ನಕ್ಷೆಗೆ ಬರೆಯುವ ಅಕ್ಷರಗಳಲ್ಲಿ, ಪ್ರತಿ ಕೂಗಿನ ಅರ್ಥವನ್ನೂ ಬರೆದರು. ಭಾನುವಾರ ಬೆಳಿಗ್ಗೆ ಬಳೆ ಬಿಚ್ಚಿಡುವಾಗ ಅತ್ತೆ ಹಾ ಹಾ ಎಂದು ಬೈದರು. ಕೊನೆಗೆ ಒಂದೊಂದು ಬಳೆ ಉಳಿಸಿ, ಅದು ಅಲುಗಾಡದಂತೆ ತಾವೇ ದಾರ ಸುತ್ತಿ ಕಳಿಸಿದರು.

ಕ್ಲಬ್ಬಿನಲ್ಲಿ ಅವತ್ತು ಎಲ್ಲರ ಕಣ್ಣೂ ನನ್ನ ಕಣ್ಣಿನ ಮೇಲೆ. ನಾನು ಎಲೆಗಳನ್ನು ಬಿಟ್ಟು ತಲೆಯೆತ್ತಲಿಲ್ಲ. ಮೊದಲ ಜೋಡಿ ನಮ್ಮ ಹಾಳೆ ಓದಿ ನಕ್ಕಿತು. ಆಟ ಮುಗಿದಾಗ ನಗಲಿಲ್ಲ. ಏನೂ ಇಲ್ಲದಾಗ ನಾವು ಕೂಗುತ್ತೇವೆ, ಇದ್ದಾಗ ಸುಮ್ಮನಿರುತ್ತೇವೆ ಎಂದು ಓದಿ ತಿಳಿದಿದ್ದರೂ ಅವರ ನಾಲಿಗೆಗೆ ಅದು ಹೊಂದಲಿಲ್ಲ. ತಮ್ಮ ಪುಸ್ತಕದ ಕೂಗುಗಳನ್ನು ಕೂಗಲು ಅವರಿಗೆ ಜಾಗವೇ ಉಳಿಯುತ್ತಿರಲಿಲ್ಲ. ಮಧ್ಯಾಹ್ನದ ಚಿತ್ರಾನ್ನದ ಹೊತ್ತಿಗೆ ನಾವು ಎರಡನೆಯ ಸ್ಥಾನದಲ್ಲಿದ್ದೆವು. ಸಂಜೆ ಕೊನೆಯ ಮೇಜಿಗೆ ಬಂದಾಗ ಮೊದಲ ಸ್ಥಾನದಲ್ಲಿದ್ದವರೇ ಎದುರಾದರು: ರಾಯರು, ಮತ್ತು ಅವರ ಪಾರ್ಟ್ನರ್ ಮುದಲಿಯಾರ್ ಡಾಕ್ಟರು. ಒಂದೇ ಒಂದು ಕೈ ಉಳಿದಿತ್ತು. ಅದು ಯಾರದಾದರೆ ಪಂದ್ಯ ಅವರದು.

ಎಲೆ ಹಂಚಿದ್ದು ಇವರು, ಮೊದಲ ಕೂಗೂ ಇವರದೇ. ಎಲೆ ಜೋಡಿಸಿಕೊಳ್ಳುತ್ತಿದ್ದಂತೆ ತೊಡೆ ಕುಣಿಯುವುದು ನಿಂತಿತು. ಇಡೀ ದಿನ ನಿಂತಿರಲಿಲ್ಲ.

"ಒಂದು ಕಳಾವರ್" ಎಂದರು.

ಡಾಕ್ಟರು ಹಾಳೆಯ ಮೇಲೆ ಕಣ್ಣಾಡಿಸಿ, ಆದರೂ ನಿಯಮದಂತೆ ನನ್ನ ಕಡೆ ತಿರುಗಿದರು. "ನಿಮ್ ಪಾರ್ಟ್ನರ್ ಕೂಗಿಗೆ ಏನಮ್ಮಾ ಅರ್ಥ?"

"ಬರಿಗೈ ಸಾರ್. ಏಳು ಪಾಯಿಂಟಿಗಿಂತ ಕಮ್ಮಿ."

ಅದನ್ನು ಹೇಳುವಾಗ ಒಂದು ಕ್ಷಣ ತಲೆಯೆತ್ತಿದೆ. ಇವರ ಎರಡೂ ಕಿವಿ ಕೆಂಪಗಾದವು. ತುದಿಯಿಂದ ಬುಡದವರೆಗೆ, ನನ್ನ ಕಣ್ಣೆದುರೇ. ನನಗೆ ಎಲ್ಲ ತಿಳಿದುಹೋಯಿತು. ಇವರ ಕೈ ಖಾಲಿಯಲ್ಲ, ತುಂಬಿ ತುಳುಕುತ್ತಿದೆ. ಅಂಥ ಕೈ ಕಂಡ ಸಂಭ್ರಮದಲ್ಲಿ ಈ ಮನುಷ್ಯ ನಾವು ಕೆಡವಿದ ಹೆಬ್ಬಾಳ ಪದ್ಧತಿಗೆ ಜಾರಿಬಿಟ್ಟಿದ್ದಾರೆ. ಅದರಲ್ಲಿ ಒಂದು ಕಳಾವರ್ ಎಂದರೆ ಭಾರಿ ಕೈ. ಕಟ್ಟಿದವರೇ ಮರೆತಿದ್ದರು. ಪದ್ಧತಿಯ ಮೇಲೆ ಪದ್ಧತಿ ಪೇರಿಸಿದವರಿಗೆ ಮಾತ್ರ ಆಗುವಂಥ ತಪ್ಪು.

ಡಾಕ್ಟರು ಪಾಸ್ ಎಂದರು. ಸರದಿ ನನ್ನದು.

ನನ್ನ ಕೈಯಲ್ಲಿ ಆಟೀನಿನ ರಾಜ, ರಾಣಿ ಸೇರಿ ಐದೆಲೆ, ಒಟ್ಟು ಒಂಬತ್ತು ಪಾಯಿಂಟು. ಎದುರಿಗೆ ಬರಿಗೈ ಇದ್ದಾಗ ಒಂಬತ್ತು ಪಾಯಿಂಟಿನವಳು ಪಾಸ್ ಎನ್ನಬೇಕು ಎಂದು ಹಾಳೆಯಲ್ಲಿದೆ. ಹಾಗೆಂದರೆ ಆಟ ಒಂದು ಕಳಾವರಿನಲ್ಲೇ ನಿಂತು ನಾವು ಮುಳುಗುತ್ತೇವೆ. "ಒಂದು ಆಟೀನು" ಎಂದುಬಿಟ್ಟರೆ ಸಾಕು, ಇವರು ಅಲ್ಲಿಂದ ಮೇಲಕ್ಕೆ ಒಯ್ಯುತ್ತಾರೆ, ಪಂದ್ಯ ನಮ್ಮದಾಗುತ್ತದೆ. ಯಾಕೆ ಕೂಗಿದೆ ಎಂದು ಕೇಳಿದರೆ ಐದೆಲೆ ಇತ್ತು ಎನ್ನಬಹುದು. ಯಾರೂ ರುಜುವಾತು ಮಾಡಲಾರರು. ಬಾಯಿ ತೆರೆದೂಬಿಟ್ಟಿದ್ದೆ. ಆಗ ಅನಿಸಿತು, ನಾನು ಓದಿದ್ದು ಕೂಗನ್ನಲ್ಲ, ಕಿವಿಯನ್ನು. ಚಳಿಗಾಲವೆಲ್ಲ ಕೂತು ಕಟ್ಟಿದ್ದು ಎಲ್ಲರೆದುರು ಬಿಚ್ಚಿಟ್ಟ ಭಾಷೆ. ಈಗ ಕಿವಿ ನೋಡಿ ಕೂಗಿದರೆ ಅದೂ ಟವೆಲಿನ ಕೆಳಗಿನ ಬೆರಳೇ. ರಾಯರು ಹೇಳಿದ್ದೇ ನಿಜವಾಗುತ್ತದೆ. ಬೇರೆ ಯಾರಿಗೂ ಗೊತ್ತಾಗದಿದ್ದರೂ ನನಗೆ ಗೊತ್ತಿರುತ್ತದೆ.

"ಪಾಸ್" ಎಂದೆ.

ರಾಯರು ತಮ್ಮ ಎಲೆ ನೋಡಿಕೊಂಡರು, ಡಾಕ್ಟರನ್ನು ನೋಡಿದರು. ಲೆಕ್ಕ ಅವರಿಗೂ ಕೂಡಲಿಲ್ಲವೇನೋ, ಬಹಳ ಹೊತ್ತು ತಡೆದು ಪಾಸ್ ಎಂದರು. ಅಲ್ಲಿಗೆ ಹರಾಜು ಮುಗಿಯಿತು. ಆಡುವವರು ಇವರು. ನಾನು ನನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಡಬೇಕಾದ ಡಮ್ಮಿ. ಬಿಚ್ಚಿಟ್ಟೆ. ಇವರು ಒಂದೊಂದಾಗಿ ಎಲೆ ಹಾಕುತ್ತಾ ಹೋದಂತೆ ಎಕ್ಕದ ಮೇಲೆ ಎಕ್ಕ ಬಂತು. ಇಪ್ಪತ್ತೆರಡು ಪಾಯಿಂಟಿನ ಕೈ. ಆಟೀನಿನಲ್ಲಿ ಆಡಿದ್ದರೆ ಹನ್ನೆರಡು ಸುತ್ತು ನಮ್ಮದೇ. ಕಳಾವರ್ ಎಲ್ಲ ಎದುರಾಳಿಗಳ ಹತ್ತಿರ ಇದ್ದದ್ದರಿಂದ ಬೇಕಾದ ಏಳು ಸುತ್ತೂ ಬರಲಿಲ್ಲ, ಆರಕ್ಕೆ ನಿಂತಿತು. ಸುತ್ತಲಿನ ಮೇಜಿನವರೆಲ್ಲ ಎದ್ದು ಬಂದು ನಿಂತಿದ್ದರು. ಯಾರೋ ಹಿಂದಿನಿಂದ ಕಿಸಕ್ಕೆಂದರು.

ರಾಯರು ಎಲೆಗಳನ್ನು ಮುಟ್ಟದೆ ಕೂತಿದ್ದರು. "ಅಮ್ಮಾ, ಅವರ ಕೈಯಲ್ಲಿ ಇಷ್ಟಿದೆ ಅಂತ ನಿಮಗೆ ಅನುಮಾನವೇ ಬರಲಿಲ್ವಾ?"

"ಬಂತು ಸಾರ್."

"ಯಾವಾಗ?"

"ನಾನು ಅರ್ಥ ಹೇಳಿದಾಗ. ಇವರ ಕಿವಿ ಕೆಂಪಾಯ್ತು."

"ಮತ್ತೆ ಪಾಸ್ ಅಂದ್ರಲ್ಲ?"

"ಕಿವಿ ನಮ್ಮ ಪದ್ಧತಿಯಲ್ಲಿಲ್ಲ ಸಾರ್."

ಯಾರೂ ನಗಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಇವರು ತಲೆ ತಗ್ಗಿಸಿ ನಮ್ಮ ಹಾಳೆಯ ಅಂಚನ್ನು ಉಗುರಿನಲ್ಲಿ ಕೆರೆಯುತ್ತಿದ್ದರು.

ಮನೆಗೆ ಬರುವಾಗ ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ನಡೆದರು. "ಬೈದುಬಿಡು ಕಣೇ" ಎಂದರು. ಬೈದೆ. ಚೆನ್ನಾಗಿ ಬೈದೆ. ಗೇಟು ದಾಟುವ ಹೊತ್ತಿಗೆ ಅಳು ಬಂತು. ಸೋತದ್ದಕ್ಕಲ್ಲ, ಕುರ್ಚಿ ಹೋಯಿತಲ್ಲ ಎಂದು.

ಕುರ್ಚಿ ಹೋಗಿರಲಿಲ್ಲ. ಮುಂದಿನ ವಾರ ರಾಯರೇ ಮನೆಗೆ ಬಂದರು, ಅತ್ತೆ ಕೊಟ್ಟ ಅವರೆಕಾಳಿನ ಉಪ್ಪಿಟ್ಟು ತಿಂದರು. ಸಮಿತಿ ಎರಡು ತೀರ್ಮಾನ ಮಾಡಿದೆ ಎಂದರು. ಮೊದಲನೆಯದು, ಹೆಂಗಸರು ಇನ್ನು ಕ್ಲಬ್ಬಿನಲ್ಲಿ ಆಡಬಹುದು. ಎರಡನೆಯದು, ಕೈ ತುಂಬಿದ್ದಾಗ ಪಾಸ್ ಎನ್ನುವ, ಬರಿಗೈಯಲ್ಲಿ ಕೂಗುವ ಪದ್ಧತಿಯನ್ನು ಯಾರೂ ಆಡುವಂತಿಲ್ಲ, ಉಳಿದವರಿಗೆ ತಲೆ ಕೆಡುತ್ತದೆ. "ಡಾಕ್ಟರಿಗೆ ಮದ್ರಾಸಿಗೆ ಹೋಗೋದಿದೆ. ಬೇಸಿಗೆ ಮುಗಿಯೋವರೆಗೂ ನೀವು ನನ್ನ ಪಾರ್ಟ್ನರ್ ಆಗ್ತೀರಾ ಅಮ್ಮಾ? ಪುಸ್ತಕದ ಪದ್ಧತಿ."

ನಾನು ಇವರ ಮುಖ ನೋಡಿದೆ. "ಹೋಗು" ಎಂದರು ಇವರು. "ನಿಂಗೆ ಬೇಕಾಗಿದ್ದು ಅದೇ ತಾನೆ?" ಅದರಲ್ಲಿ ಕುಹಕವಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಹೋದೆ. ಬೆನ್ನು ಹರಿದ ಬೆತ್ತದ ಕುರ್ಚಿಯಲ್ಲಿ ಫಾಲ್ಗುಣವೆಲ್ಲ ಕೂತೆ. ರಾಯರು ಒಳ್ಳೆಯವರು, ಆಟವೂ ಅಚ್ಚುಕಟ್ಟು. ಅವರು ಹೇಳಿದ್ದನ್ನೇ ಹೇಳುತ್ತಿದ್ದರು, ನಾನು ಹೇಳಬೇಕಾದ್ದನ್ನೇ ಹೇಳುತ್ತಿದ್ದೆ. ಗೆಲ್ಲುತ್ತಲೇ ಇದ್ದೆವು. ಎರಡನೆಯ ವಾರಕ್ಕೆ ನನ್ನ ಕಾಲು ಮೇಜಿನ ಕೆಳಗೆ ಕುಣಿಯತೊಡಗಿತು. ಇವರು ಸಂಜೆ ಕಾರ್ಖಾನೆಯಿಂದ ನೇರ ಬಂದು, ಸೈಕಲ್ಲಿಗೆಂದು ಪ್ಯಾಂಟಿಗೆ ಹಾಕಿದ ಕ್ಲಿಪ್ಪು ಕೂಡ ತೆಗೆಯದೆ, ನನ್ನನ್ನು ಕರೆದೊಯ್ಯಲು ಬಾಗಿಲ ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಹೊಸ ಪದ್ಧತಿಯ ಮಾತೇ ಎತ್ತುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳಾಡಿಸುವುದೂ ನಿಂತಿತ್ತು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಸಂಜೆ, ತುಂಬ ಧಗೆ. ಗಾಳಿ ತಿರುಗಿ ಸಾಬೂನಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಎಲೆ ಎತ್ತಿಕೊಂಡು ಜೋಡಿಸಿದೆ. ಮೂರು ಎಕ್ಕ, ಎರಡು ರಾಜ, ಮತ್ತೂ ಏನೇನೋ. ವರ್ಷವೆಲ್ಲ ಅಂಥ ಕೈ ನನಗೆ ಬಿದ್ದಿರಲಿಲ್ಲ. ಮೊದಲ ಕೂಗು ನನ್ನದೇ. ಎದೆ ತುಂಬಿ ಬಂದು, "ಪಾಸ್" ಎಂದೆ.

ಅಂದ ಮೇಲೆ ತಿಳಿಯಿತು. ಪಕ್ಕದವರು ಪಾಸ್ ಎಂದರು. ಎದುರಿಗಿದ್ದ ರಾಯರು ತಮ್ಮ ಬಡಕಲು ಕೈ ನೋಡಿಕೊಂಡು ಪಾಸ್ ಎಂದರು. ಅವರೇನು ಮಾಡಿಯಾರು, ಅವರ ಪುಸ್ತಕದಲ್ಲಿ ನನ್ನ ಮೌನಕ್ಕೆ ಏನೂ ಇಲ್ಲ ಎಂದೇ ಅರ್ಥ. ನಾಲ್ಕನೆಯವರೂ ಪಾಸ್. "ಬಿದ್ದೋಯ್ತು, ಕಲಸಿ" ಎಂದು ಯಾರೋ ಅಂದರು. ನನ್ನ ಹದಿಮೂರು ಎಲೆ ಮಗುಚಿ ಕಟ್ಟಿನೊಳಗೆ ಸೇರಿದವು, ಯಾರೂ ನೋಡಲಿಲ್ಲ. ನನ್ನ ಕಿವಿ ಬೆಂಕಿಯಂತೆ ಸುಡುತ್ತಿತ್ತು. ತಲೆಯೆತ್ತಿದರೆ ಬಾಗಿಲ ಕಂಬದ ಹತ್ತಿರ ಇವರು ನೆಟ್ಟಗೆ ನಿಂತು ನನ್ನ ಕಿವಿಯನ್ನೇ ನೋಡುತ್ತಿದ್ದರು. ಥಟ್ಟನೆ ತಿರುಗಿ ಹೊರಗೆ ಹೋಗಿಬಿಟ್ಟರು. ಆಡದವರು ನೋಡಬಹುದು, ಆದರೆ ಮುಖದಲ್ಲಿ ತೋರಿಸಬಾರದು ಎನ್ನುವುದು ನಿಯಮ.

ಆಟ ಮುಗಿದ ಮೇಲೆ ರಾಯರಿಗೆ ಕೈಮುಗಿದು, ನಾಳೆಯಿಂದ ಬೇರೆಯವರನ್ನು ನೋಡಿಕೊಳ್ಳಿ ಸಾರ್ ಎಂದೆ. ನನ್ನ ಕುರ್ಚಿ ಇರಲಿ, ಪಾರ್ಟ್ನರನ್ನು ನಾನೇ ಕರೆದುಕೊಂಡು ಬರುತ್ತೇನೆ ಎಂದೆ.

ಕ್ಯಾರಿಯರ್ ಮೇಲೆ ಕೂತೆ. ಇವರು ತುಳಿದರು. ರೈಲ್ವೆ ಗೇಟು ಹಾಕಿತ್ತು. ಇಳಿದು ನಿಂತೆವು.

"ಎಷ್ಟಿತ್ತೇ?" ಎಂದರು.

"ಇಪ್ಪತ್ತೊಂದು."

ಇವರು ಉಸಿರು ಬಿಟ್ಟರು. "ಪಾಸ್ ಅನ್ನೋದಕ್ಕೆ ಬಿಡಲ್ಲ ಅವರು. ಬೇರೆ ಏನಾದ್ರೂ ಕಟ್ಬೇಕು ಪಾರ್ಟ್ನರ್. ನಂಗೊಂದು..."

"ನೀವು ಸುಮ್ನಿರಿ" ಎಂದೆ. "ಮೊದಲು ನಾನು ಹೇಳ್ತೀನಿ."

ಸೈಕಲ್ಲಿನ ಸೀಟಿನ ಧೂಳಿನ ಮೇಲೆ ಬೆರಳಲ್ಲಿ ಬರೆದು ತೋರಿಸತೊಡಗಿದೆ, ಫಾಲ್ಗುಣವೆಲ್ಲ ಆ ಕುರ್ಚಿಯಲ್ಲಿ ಕೂತು ಒಳಗೊಳಗೇ ಕಟ್ಟಿದ್ದನ್ನು. ಇವರು ಬಗ್ಗಿ ನೋಡಿದರು, ಒಂದು ಮಾತೂ ಆಡದೆ ಕೇಳಿದರು. ಗೂಡ್ಸ್ ಗಾಡಿ ಬಂತು, ಹೋಯಿತು. ಗೇಟು ಎತ್ತಿದರು. ಹಿಂದೆ ನಿಂತಿದ್ದ ಜಟಕಾದವನು, "ಏನ್ರೀ, ಓಗಲ್ವಾ?" ಎಂದು ಕೂಗಿದ, ಆಮೇಲೆ ಪಕ್ಕದಿಂದ ಬೈದುಕೊಂಡು ದಾಟಿಹೋದ. ಆ ವರ್ಷದಲ್ಲಿ ಮೊದಲ ಸಲ ನಮಗಿಬ್ಬರಿಗೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ.